ಕವಿರಾಜಮಾರ್ಗದ ಮೊದಲ ಮುದ್ರಣ: ಗೋದಾವರಿಯ ದಡದಿಂದ ಒಂದು ಅವಲೋಕನ

ಪ್ರಾಚೀನ ಕೃತಿಯೊಂದು ಹಸ್ತಪ್ರತಿಯಿಂದ ಅಚ್ಚಿಗೆ ಬಂದಾಗ ಅದಕ್ಕೆ ಹೊಸ ಆಯುಷ್ಯ ದೊರೆಯುತ್ತದೆ. ಆದರೆ ಪ್ರಥಮ ಸಂಪಾದಕನ ತೀರ್ಮಾನಗಳೂ ಅದರೊಡನೆ ಅಂಟಿಕೊಂಡು ಬರುತ್ತವೆ. 1488ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಹೋಮರನ ಕೃತಿಗಳು ಮೊದಲ ಬಾರಿಗೆ ಒಟ್ಟಾಗಿ ಅಚ್ಚಾದಾಗ, ಮಹಾಕಾವ್ಯಗಳ ಜೊತೆಗೆ ಗ್ರೀಕ್ ದೇವತಾಸ್ತೋತ್ರಗಳೂ ಅವನ ಹೆಸರಿನಲ್ಲಿಯೇ ಸೇರಿದವು. ಅವು ಬೇರೆ ಬೇರೆ ಕಾಲದ, ಹೆಸರು ತಿಳಿಯದ ಕವಿಗಳ ರಚನೆಗಳೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಡಿಮೀಟರ್ ದೇವತೆಯ ದೀರ್ಘಸ್ತೋತ್ರವಂತೂ ಆ ಮುದ್ರಣದಲ್ಲಿ ಇರಲೇ ಇಲ್ಲ. 1777ರಲ್ಲಿ ಮಾಸ್ಕೋದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ ಅದು 1780ರಲ್ಲಿ ಬೆಳಕು ಕಂಡಿತು. ಆದರೂ 'ಹೋಮರನ ಸ್ತೋತ್ರಗಳು' ಎಂಬ ಹೆಸರು ಇಂದಿಗೂ ಉಳಿದಿದೆ.

ಕನ್ನಡದಲ್ಲಿ ಇದಕ್ಕೆ ಸಮೀಪದ ನಿದರ್ಶನವೆಂದರೆ ಕವಿರಾಜಮಾರ್ಗ. ಸುಮಾರು ಕ್ರಿ.ಶ. 850ರ ಈ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಕೆ. ಬಿ. ಪಾಠಕರು ಸಂಪಾದಿಸಿದರು. ಬಿ. ಎಲ್. ರೈಸ್ ಅವರ ಗ್ರಂಥಮಾಲೆಯಲ್ಲಿ ಅದು 1898ರಲ್ಲಿ ಪ್ರಕಟವಾಯಿತು. ಕರ್ತೃವೆಂದು ಕಾಣಿಸಿದ ಹೆಸರು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನದು. ಈ ನಿರ್ಣಯ ನಿರಾಧಾರವಾದುದಲ್ಲ. ಅರಸನ ಹೆಸರು ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದರೆ ಗ್ರಂಥವು ತನ್ನನ್ನು ಕರೆದುಕೊಳ್ಳುವುದು 'ನೃಪತುಂಗದೇವಾನುಮತ' ಎಂದು. ಅನುಮತಿ ನೀಡಿದವನೇ ಬರೆದವನಾಗಬೇಕಿಲ್ಲ. 11ನೆಯ ಶತಮಾನದ ದುರ್ಗಸಿಂಹನು 'ಕವಿಮಾರ್ಗ'ವನ್ನು ಶ್ರೀವಿಜಯನ ಹೆಸರಿನೊಡನೆ ಸ್ಮರಿಸುತ್ತಾನೆ. ಎಂ. ವಿ. ಸೀತಾರಾಮಯ್ಯನವರ 1968ರ ಆವೃತ್ತಿಯ ವೇಳೆಗೆ ವಿದ್ವಾಂಸರ ಒಲವು ಶ್ರೀವಿಜಯನ ಕಡೆಗೆ ಸ್ಪಷ್ಟವಾಗಿ ತಿರುಗಿತ್ತು. ಹಾಗಿದ್ದೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ 'ನೃಪತುಂಗನ ಕವಿರಾಜಮಾರ್ಗ' ಈಗಲೂ ಕಾಣುತ್ತದೆ.

ಮುದ್ರಣದ ಇನ್ನೊಂದು ಪರಿಣಾಮವನ್ನು ಅರಿಯಲು ನಾಸಿಕಕ್ಕೆ ಹೋಗಬೇಕು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂಬ ಮಾತು ಅಚ್ಚಾದ ಮೇಲೆ ವಿದ್ವತ್ತಿನ ವಲಯವನ್ನು ದಾಟಿ, ಏಕೀಕರಣದ ಕಾಲದಲ್ಲಿ ಘೋಷಣೆಯಾಯಿತು. ಗೋದಾವರಿ ಹುಟ್ಟುವ ತ್ರ್ಯಂಬಕವು ನಾಸಿಕ ಜಿಲ್ಲೆಯಲ್ಲಿದೆ. ಕೆಳಗೆ ಅದೇ ನದಿಯ ದಡದಲ್ಲಿರುವ ಪೈಠಣವು ಛತ್ರಪತಿ ಸಂಭಾಜಿನಗರ ಜಿಲ್ಲೆಗೆ, ಎಂದರೆ ಹಿಂದಿನ ಔರಂಗಾಬಾದಿಗೆ, ಸೇರಿದೆ. ಇಂದು ಎರಡೂ ಕಡೆ ಕೇಳುವ ಮಾತು ಮರಾಠಿ. ಹಾಗಾದರೆ ಗ್ರಂಥದ ಮಾತು ಬರಿಯ ಅತಿಶಯವೇ? ಅಲ್ಲ. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ತಾಮ್ರಶಾಸನ ನಾಸಿಕ ಜಿಲ್ಲೆಯ ವಣಿಯಲ್ಲಿ ದೊರೆತಿದೆ. ಎಲ್ಲೋರದ ಕೈಲಾಸ ದೇವಾಲಯವು ಒಂದನೆಯ ಕೃಷ್ಣನ ಹೆಸರಿನೊಡನೆ ಬೆಸೆದಿದೆ. ಅಲ್ಲಿಯ ಜೈನ ಗುಹೆಗಳಲ್ಲಿ ಹಳಗನ್ನಡ ಲಿಪಿಯ ಕಿರುಬರಹಗಳೂ ಇವೆ. ಆದರೆ ವಣಿಯ ಶಾಸನದ ಭಾಷೆ ಸಂಸ್ಕೃತ. ಅರಸರ ಆಳ್ವಿಕೆಗೂ ಜನರ ಆಡುಮಾತಿಗೂ ನಡುವಣ ಅಂತರವನ್ನು ಅದು ನೆನಪಿಸುತ್ತದೆ.

ಇಲ್ಲಿ ಮೂಲಪಾಠವನ್ನೇ ಮುಂದುವರಿಸಿ ಓದಬೇಕು. ಗೋದಾವರಿಯ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಒಡನೆಯೇ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನಲ್ಲಿ ಕನ್ನಡದ ತಿರುಳಿದೆಯೆಂದು ಗ್ರಂಥ ಹೇಳುತ್ತದೆ. ಬಳಿಕ ದೇಶಭೇದದಿಂದ ಕನ್ನಡಗಳು ಹಲವೆಂದು ಒಪ್ಪಿಕೊಳ್ಳುತ್ತದೆ. ಕಾವ್ಯಕ್ಕೆ ತಕ್ಕ ನುಡಿ ಯಾವುದೆಂಬುದು ಅದರ ಪ್ರಶ್ನೆ, ನೆಲದ ಒಡೆತನವಲ್ಲ. ಸಂದರ್ಭದಿಂದ ಕಿತ್ತುಕೊಂಡ ಪದ್ಯ ಹಕ್ಕುಪತ್ರವಾಯಿತು. ಸಂದರ್ಭದಲ್ಲಿಟ್ಟರೆ ಅದು ಭಾಷಾವಿವೇಕ.

ಇದೇ ಗೋದಾವರಿಯ ದಡದ ಪೈಠಣದಲ್ಲಿ ಏಕನಾಥರು 1584ರಲ್ಲಿ ಜ್ಞಾನೇಶ್ವರಿಯ ಪಾಠವನ್ನು ಪರಿಶೋಧಿಸಿದರು. ಅಪಪಾಠಗಳು ಸೇರಿ ಕೆಟ್ಟಿದ್ದ ಕೃತಿಯನ್ನು ಶುದ್ಧಗೊಳಿಸುವುದು ಅವರಿಗೆ ಭಕ್ತಿಯ ಕೆಲಸವೇ ಆಗಿತ್ತು. ಪೂಜ್ಯ ಗ್ರಂಥವನ್ನೂ ಪರೀಕ್ಷಿಸಬಹುದು, ಪರೀಕ್ಷಿಸಬೇಕು ಎಂಬುದು ಅದರಿಂದ ತಿಳಿಯುವ ಪಾಠ. ಪಾಠಕರ ಮುದ್ರಣವಿಲ್ಲದಿದ್ದರೆ ನಮ್ಮ ಚರ್ಚೆಗೆ ನೆಲೆಯೇ ಇರುತ್ತಿರಲಿಲ್ಲ. ಆ ಋಣವನ್ನು ತೀರಿಸುವ ದಾರಿ ಅವರ ತೀರ್ಮಾನಗಳನ್ನು ಕಂಠಪಾಠ ಮಾಡುವುದಲ್ಲ, ಅವರು ಕೈಗಿತ್ತ ಪಾಠವನ್ನು ಮತ್ತೊಮ್ಮೆ ಓದುವುದು.