ಎತ್ತರದ ಜೀಪು, ದಪ್ಪ ಟೈರು: ತೋಟದವರಿಗೆ ಒಂಬತ್ತು ಸೂತ್ರ

ಬೆಳಗೋಡಿನಿಂದ ಆಲೂರಿನವರೆಗೆ ಯಾವ ಕಾಫಿ ತೋಟದ ಗೇಟಿನೊಳಗೆ ಇಣುಕಿದರೂ ಒಂದು ಜೀಪು ಕಾಣುತ್ತದೆ. ಹಿಂದೆ ಎಂಎಂ 540, ಮೇಜರ್. ಈಗ ಥಾರ್, ಜಿಮ್ನಿ. ಗೊಬ್ಬರ, ಕೆಲಸದವರು, ಡೀಸೆಲ್ ಕ್ಯಾನು, ಕಾಫಿ ಮೂಟೆ ಎಲ್ಲವನ್ನೂ ಹೊರುವುದು ಅದೇ. ಇತ್ತೀಚೆಗೆ ಹುಡುಗರಿಗೆ ಅದನ್ನು ಇನ್ನೂ ಎತ್ತಿಸಿ ದಪ್ಪ ಟೈರು ಹಾಕಿಸುವ ಹುಚ್ಚು. ಇರಲಿ. ಆದರೆ ಹಾಕಿಸಿದ ಮೇಲೆ ಸಾಕುವುದೂ ಗೊತ್ತಿರಬೇಕು.

1. ಎತ್ತಿಸುವ ಮುಂಚೆ ಲೆಕ್ಕ ಹಾಕಿ. ಸ್ಪ್ರಿಂಗ್ ಪಟ್ಟಿ ಬದಲಿಸಿದರೆ ಬಾಡಿ ಎರಡಿಂಚು ಏರುತ್ತದೆ, ನಿಜ. ಹಳೆಯ ಜೀಪುಗಳಲ್ಲಿ ಆಕ್ಸೆಲ್ ಮಾತ್ರ ಇದ್ದಲ್ಲೇ ಇರುತ್ತದೆ. ತೋಟದ ದಾರಿಯ ನಡುದಿಬ್ಬಕ್ಕೆ ಮೊದಲು ತಾಗುವುದೇ ಅದರ ಡಿಫರೆನ್ಷಿಯಲ್. ಅದನ್ನು ಏರಿಸುವುದು ಟೈರು, ಅದೂ ಅರ್ಧಕ್ಕರ್ಧ. 245/75 ಆರ್16 ಟೈರಿನ ವ್ಯಾಸ ಸುಮಾರು 774 ಮಿ.ಮೀ., 285/75 ಆರ್16ರದ್ದು 834. ಅರವತ್ತು ಮಿ.ಮೀ. ದೊಡ್ಡ ಟೈರಿಗೆ ದುಡ್ಡು ಕೊಟ್ಟು ನೀವು ಗಳಿಸುವುದು ಮೂವತ್ತು. ಮೊದಲು ಸರಿಯಾಗಿದ್ದ ಮೀಟರು 60 ತೋರಿಸುವಾಗ ಗಾಡಿ 65ರ ಹತ್ತಿರ ಓಡುತ್ತಿರುತ್ತದೆ. ಬ್ರೇಕು, ಕ್ಲಚ್ಚು, ಮೈಲೇಜು ಮೂರಕ್ಕೂ ಹೊರೆ. ಹೊಸ ಥಾರ್‌ನ 226 ಮಿ.ಮೀ. ಎತ್ತರವೇ ನಮ್ಮ ಬಹುಪಾಲು ತೋಟಗಳಿಗೆ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ.

2. ಕಾನೂನು ಓದಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಸಕಲೇಶಪುರದ ‘ಕೆಎ 46’ ಫಲಕ ನೋಡಿ ನಮ್ಮೂರ ಪೊಲೀಸರು ಸುಮ್ಮನಿರಬಹುದು. ಅಪಘಾತವಾದ ಮೇಲೆ ಇನ್ಶೂರೆನ್ಸ್‌ನವರು ಸುಮ್ಮನಿರುವುದಿಲ್ಲ. ಕಂಪನಿ ನಿಮ್ಮ ಮಾದರಿಗೆ ಹೇಳಿರುವ ಟೈರಿನ ಅಳತೆಯೊಳಗೇ ಒಳ್ಳೆಯ ಬಟನ್ ಟೈರು ಹುಡುಕುವುದು ನೆಮ್ಮದಿಯ ದಾರಿ.

3. ಟೈರು ನಾಲ್ಕಲ್ಲ, ಐದು. ಸ್ಟೆಪ್ನಿ ಹಳೆಯ ಅಳತೆಯದ್ದೇ ಉಳಿದರೆ, ಪಂಚರ್ ಆದ ದಿನ ಒಂದೇ ಆಕ್ಸೆಲ್ಲಿಗೆ ಒಂದು ದೊಡ್ಡದು, ಒಂದು ಚಿಕ್ಕದು ಬಂದು ಡಿಫರೆನ್ಷಿಯಲ್ ತಿಂದುಹೋಗುತ್ತದೆ. ಐದನೆಯದನ್ನು ಹೊರುವ ಹಿಂಬಾಗಿಲಿನ ಕೀಲನ್ನೂ ಆಗಾಗ ನೋಡಿ.

4. ಎತ್ತಿಸಿದ ದಿನವೇ ಗಾಡಿಯಡಿ ಮಲಗಿ. ಚಾಸಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ನಿಲ್ಲಿಸಿ, ಚಕ್ರ ನೇತಾಡಲು ಬಿಡಿ. ಆಗ ಬ್ರೇಕ್ ಹೋಸು ತಂತಿಯ ಹಾಗೆ ಬಿಗಿದಿದ್ದರೆ ಉದ್ದದ್ದು ಹಾಕಿಸದೆ ಗಾಡಿ ತೆಗೆಯಬೇಡಿ. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಾದರೆ ಕ್ರಾಸು ಬೇಗ ಸವೆಯುತ್ತದೆ. ವೇಗದಲ್ಲಿ ನೆಲ ನಡುಗುವುದೇ ಅದರ ಸೂಚನೆ. ಸ್ವಲ್ಪ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಹೆಡ್‌ಲೈಟನ್ನೂ ತಗ್ಗಿಸಿ, ಶಿರಾಡಿ ಘಾಟಿಯ ಮಂಜಿನಲ್ಲಿ ಎದುರಿನವನ ಕಣ್ಣು ಉಳಿಯಲಿ.

5. ಕೆಸರಿಗೆ ಗಾಳಿ ಇಳಿಸಿ. 18–20 ಪಿಎಸ್‌ಐಗೆ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಸಿಗುತ್ತದೆ. ಇನ್ನೂ ಇಳಿಸಿದರೆ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರು ಸಿಗುವ ಮುಂಚೆ ಮತ್ತೆ ತುಂಬಲು ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

6. ಮಳೆಗಾಲದಲ್ಲಿ ದುಡ್ಡು ಉಳಿಸುವುದು ತೊಳೆಯುವುದು ಮತ್ತು ಗ್ರೀಸು. ಓಡಿ ಕಾದ ಆಕ್ಸೆಲ್ ತಣ್ಣನೆಯ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನಿಂದಲೋ ಬ್ರೀದರ್‌ನಿಂದಲೋ ನೀರೆಳೆದುಕೊಳ್ಳುತ್ತದೆ. ಬ್ರೀದರ್‌ಗೆ ಉದ್ದದ ಪೈಪು ಹಾಕಿಸಿ ತುದಿಯನ್ನು ಮೇಲೆ ಇಂಜಿನ್ನಿನ ಪಕ್ಕ ಕಟ್ಟಿಸಿ. ಹಳ್ಳ ದಾಟಿದ ಮರುದಿನ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಅದ್ದಿ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಅವತ್ತೇ ಬದಲಿಸಿ. ಕ್ರಾಸಿಗೆ, ಶ್ಯಾಕಲ್‌ಗೆ ಗ್ರೀಸು ಹೊಡೆಯುವಾಗ ಹಳೆಯದೆಲ್ಲ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ಇನ್ನೊಂದು: ಸ್ಟೇರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮುಂಚೆ ರಿಮ್ಮಿನ ಒಳಮೈ ನೋಡಿ. ಅಲ್ಲಿ ಒಣಗಿ ಅಂಟಿದ ಕೆಂಪು ಮಣ್ಣೇ ಎಷ್ಟೋ ಸಲ ಕಾರಣ.

7. ಟಾರು ಬಂತೆಂದರೆ ಫೋರ್ ವೀಲ್ ಬಿಡಿಸಿ. ಒಣರಸ್ತೆಯಲ್ಲಿ ಹಾಗೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸು ಕೈಕೊಡುತ್ತದೆ.

8. ಇಳಿಜಾರಿಗೆ ಅಡ್ಡ ಹೋಗಬೇಡಿ. ಎತ್ತಿಸಿದ ಗಾಡಿಯ ಭಾರವೂ ಮೇಲೇರಿರುತ್ತದೆ, ಬೇಗ ಮಗುಚುತ್ತದೆ. ಹತ್ತುವುದಾದರೆ ನೇರ, ಇಳಿಯುವುದೂ ನೇರ, ಲೋ ಗೇರಿನಲ್ಲಿ. 50 ಕೆ.ಜಿ.ಯ ಕಾಫಿ ಮೂಟೆ ತಳದಲ್ಲಿರಲಿ, ಕ್ಯಾರಿಯರ್ ಮೇಲೆ ಬೇಡ.

9. ದಾರಿ ಬಿಟ್ಟು ಗುಡ್ಡ ಹತ್ತಬೇಡಿ. ಸಕಲೇಶಪುರ, ಆಲೂರು ಎರಡೂ ಕಡೆ ಆನೆಗಳಿವೆ. ಹೊರಡುವ ಮುಂಚೆ ಅರಣ್ಯ ಇಲಾಖೆಯ ಆನೆ ಸಂದೇಶ ನೋಡಿ, ಎದುರಾದರೆ ಲೈಟು ತೋರಿಸದೆ, ಹಾರ್ನು ಹೊಡೆಯದೆ ದೂರವೇ ನಿಲ್ಲಿಸಿ. ಪಟ್ಲ ಬೆಟ್ಟದಂಥ ಹುಲ್ಲುಗಾವಲಿನಲ್ಲಿ ಬಟನ್ ಟೈರು ಒಮ್ಮೆ ಗೀರಿದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ, ಮಣ್ಣು ಕೆಳಗಿನ ಹಳ್ಳ ಸೇರುತ್ತದೆ. ನಿಮ್ಮ ಗಾಡಿಯ ತಾಕತ್ತನ್ನು ನಿಮ್ಮ ತೋಟದ ದಾರಿಯಲ್ಲೇ ತೋರಿಸಿ. ಬೆಟ್ಟದ ತಲೆಗೆ ನಡೆದು ಹೋಗಿ.