ಅಡುಗೆಮನೆಗೆ ಪಾಠ ಹೇಳುವ ಉದ್ಯೋಗ

ಮದುವೆ ಊಟ ಮುಗಿಸಿ ಬಂದ ರಾತ್ರಿ ಮನೆಮಂದಿಗೆಲ್ಲ ವಾಂತಿ ಭೇದಿ ಶುರುವಾದರೆ ನೀವು ವೈದ್ಯರಲ್ಲಿಗೆ ಓಡುತ್ತೀರಿ. ನಾವು ಓ.ಆರ್.ಎಸ್. ಕೊಡುತ್ತೇವೆ, ಅಗತ್ಯವಿದ್ದರೆ ಡ್ರಿಪ್ ಹಾಕುತ್ತೇವೆ. ಆದರೆ ಈ ತೊಂದರೆಯನ್ನು ತಡೆಯಬೇಕಾದ ಜಾಗ ಆಸ್ಪತ್ರೆಯಲ್ಲ, ಅಡುಗೆಮನೆ. ಹೋಟೆಲು, ಹಾಸ್ಟೆಲು, ಕೇಟರಿಂಗ್ ಕೆಲಸಗಾರರಿಗೆ ಆಹಾರ ಸುರಕ್ಷತೆಯ ತರಬೇತಿ ಕೊಟ್ಟು, ಮಾಲೀಕರಿಗೆ ಸಲಹೆ ನೀಡುವುದು ಈಗ ಒಂದು ಉದ್ಯೋಗವೇ ಆಗಿದೆ. ನಿಮ್ಮ ಮನೆಯಲ್ಲಿ ಗೃಹವಿಜ್ಞಾನ, ಆಹಾರ ವಿಜ್ಞಾನ ಅಥವಾ ಸೂಕ್ಷ್ಮಜೀವಿಶಾಸ್ತ್ರ ಓದಿದ ಮಕ್ಕಳಿದ್ದರೆ ಈ ಬಗ್ಗೆ ಯೋಚಿಸಬಹುದು.

ಕಾನೂನು ಏನು ಹೇಳುತ್ತದೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಲೈಸೆನ್ಸ್ ಪಡೆದ ಉದ್ದಿಮೆಗಳಲ್ಲಿ ಪ್ರತಿ 25 ಕೆಲಸಗಾರರಿಗೆ ಕನಿಷ್ಠ ಒಬ್ಬ ತರಬೇತಾದ ಮೇಲ್ವಿಚಾರಕನಿರಬೇಕು. ಇದಕ್ಕಾಗಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಫಾಸ್ಟ್ಯಾಕ್ ಎಂಬ ತರಬೇತಿ ಯೋಜನೆ ಆರಂಭಿಸಿತು. ಆ ಪ್ರಮಾಣಪತ್ರವನ್ನು ಪ್ರಾಧಿಕಾರದ ಪಟ್ಟಿಯಲ್ಲಿರುವ ತರಬೇತಿ ಸಂಸ್ಥೆಗಳ ಮೂಲಕವೇ ಪಡೆಯಬೇಕು. ಹೊಸಬರು ತಾವೇ ಅದನ್ನು ಕೊಡುತ್ತೇವೆಂದು ಹೇಳಿಕೊಳ್ಳಕೂಡದು. ಮೊದಲು ನೀವೇ ಆ ತರಬೇತಿ ಪಡೆಯಿರಿ.

ಏನು ಕಲಿಸಬೇಕು?

ಕಲಿಸಬೇಕಾದ ಮುಖ್ಯ ಸಂಗತಿಗಳು ಕೆಲವೇ.

ಒಂದು: ಕೈ. ಬೆರಳಿನ ಕೀವುಗಾಯದಲ್ಲಿರುವ ಸ್ಟ್ಯಾಫಿಲೊಕಾಕಸ್ ರೋಗಾಣು ಖೋವಾ, ಸಿಹಿತಿಂಡಿಗೆ ಸೇರಿ ವಿಷ ತಯಾರಿಸುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು.

ಎರಡು: ಅನ್ನ. ಬೆಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ರಾತ್ರಿಯ ಅನ್ನವನ್ನು ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ಅಪಾಯ.

ಮೂರು: ದೊಡ್ಡ ಪಾತ್ರೆ. ಹಂಡೆ ತುಂಬ ಸಾಗು, ಮಾಂಸದ ಸಾರು ನಿಧಾನವಾಗಿ ಆರುವಾಗ ಮಧ್ಯಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು, ಕ್ಲಾಸ್ಟ್ರಿಡಿಯಂ ಗುಂಪಿನ ರೋಗಾಣು ಬೆಳೆಯುತ್ತದೆ. ಅಗಲ ತಟ್ಟೆಗಳಿಗೆ ಹರಡಿ ಬೇಗ ತಣಿಸಬೇಕು.

ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದು 5 ಡಿಗ್ರಿ ಅಥವಾ ಕೆಳಗೆ ಇರಬೇಕು. ನಡುವಿನ ಬಿಸಿಯೇ ರೋಗಾಣುಗಳಿಗೆ ಹಬ್ಬ.

ಹೇಗೆ ಕಲಿಸಬೇಕು?

ಅಡುಗೆಯವರನ್ನು ಸಭಾಂಗಣದಲ್ಲಿ ಕೂರಿಸಿ ಇಂಗ್ಲಿಷ್ ಚಿತ್ರಪಟ ತೋರಿಸಿದರೆ ಫಲವಿಲ್ಲ. ಅವರ ಅಡುಗೆಮನೆಯಲ್ಲೇ, ಅವರ ಭಾಷೆಯಲ್ಲೇ ಮಾಡಿ ತೋರಿಸಿ. ಅರಿಶಿನ ಬೆರೆಸಿದ ಎಣ್ಣೆಯನ್ನು ಕೈಗೆ ಹಚ್ಚಿಸಿ, ಎಂದಿನಂತೆ ತೊಳೆಯಲು ಹೇಳಿ. ಉಗುರಿನ ಸಂದಿಯಲ್ಲಿ ಉಳಿದ ಹಳದಿಯೇ ಪಾಠ ಹೇಳುತ್ತದೆ. ಆಮೇಲೆ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಿಸಿ.

ಆಹಾರಕ್ಕೆ ಚುಚ್ಚುವ ಥರ್ಮಾಮೀಟರ್ ಬಳಕೆ ಕಲಿಸಿ. ಪುಡಿ ಐಸ್ ಬೆರೆಸಿದ ನೀರಿನಲ್ಲಿ ಅದು 0 ತೋರಿಸಬೇಕು. ಕುದಿನೀರಿನಲ್ಲಿ ಮಂಗಳೂರಿನಲ್ಲಿ ಸುಮಾರು 100, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ತೋರಿಸಿದರೆ ಸರಿ.

ಆರಂಭ ಹೇಗೆ?

ಬಂಡವಾಳ ಹೆಚ್ಚು ಬೇಡ. ಒಂದೆರಡು ಥರ್ಮಾಮೀಟರ್, ಗೋಡೆಗೆ ಅಂಟಿಸುವ ಕನ್ನಡದ ಚಿತ್ರಗಳು, ಒಂದು ತಪಾಸಣಾ ಪಟ್ಟಿ ಸಾಕು. ಸಣ್ಣ ಉದ್ದಿಮೆಯ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಮೈಸೂರಿನ ಸಿ.ಎಫ್.ಟಿ.ಆರ್.ಐ. ನಡೆಸುವ ಅಲ್ಪಾವಧಿ ಕೋರ್ಸುಗಳ ವಿಚಾರಿಸಿ. ಮೊದಲು ಪಕ್ಕದ ಮೆಸ್ಸು, ಹಾಸ್ಟೆಲುಗಳಲ್ಲಿ ಕೆಲಸ ಹಿಡಿಯಿರಿ. ಒಂದು ದಿನದ ಭಾಷಣಕ್ಕಿಂತ ತಿಂಗಳಿಗೊಮ್ಮೆ ಭೇಟಿ ಕೊಡುವ ಒಪ್ಪಂದ ಒಳ್ಳೆಯದು. ಅಭ್ಯಾಸ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ನಿಮಗೂ ನಿಯತ ಆದಾಯ ಬರುತ್ತದೆ.

ಮರೆಯಬಾರದ ಮಾತು

ಕೆಲವು ಮಾಲೀಕರು, "ಪಾಠವೆಲ್ಲ ಯಾಕೆ, ಗೋಡೆಗೆ ಹಾಕಲು ಒಂದು ಸರ್ಟಿಫಿಕೇಟ್ ಕೊಡಿ ಸಾಕು" ಎನ್ನಬಹುದು. ಒಪ್ಪಬೇಡಿ. ಅಂಥ ಅಡುಗೆಮನೆಯಲ್ಲಿ ಉಂಡವರು ಕಾಯಿಲೆ ಬಿದ್ದರೆ ನಿಮ್ಮ ಹೆಸರೂ ಹಾಳಾಗುತ್ತದೆ.

ಇನ್ನೂ ಮುಖ್ಯವಾದದ್ದೊಂದಿದೆ. ಭೇದಿಯಾದ ಅಡುಗೆಯವನು ಅದು ನಿಂತ ಮೇಲೂ 48 ಗಂಟೆ ಆಹಾರ ಮುಟ್ಟಬಾರದು. ಆದರೆ ಮನೆಯಲ್ಲಿ ಕುಳಿತರೆ ಕೂಲಿ ಇಲ್ಲವೆಂದಾದರೆ ಅವನು ಕಾಯಿಲೆಯನ್ನು ಮುಚ್ಚಿಡುತ್ತಾನೆ. ಹೀಗಾಗಿ ಆ ದಿನಗಳ ಕೂಲಿ ಕೊಡುವಂತೆ, ಇಲ್ಲವೇ ಆಹಾರ ಮುಟ್ಟದ ಬೇರೆ ಕೆಲಸ ಕೊಡುವಂತೆ ಮಾಲೀಕರನ್ನು ಒಪ್ಪಿಸುವುದೂ ಸಲಹೆಗಾರರ ಕೆಲಸವೇ. ಎರಡು ದಿನದ ಕೂಲಿ ಉಳಿಸಲು ಹೋಗಿ ನೂರಾರು ಜನರ ಆರೋಗ್ಯವನ್ನು ಪಣಕ್ಕಿಡುವುದು ಜಾಣತನವಲ್ಲ.

ಓದುಗರಾದ ನೀವೂ ಇದಕ್ಕೆ ನೆರವಾಗಬಹುದು. ಮುಂದಿನ ಬಾರಿ ಶುಭಕಾರ್ಯಕ್ಕೆ ಕೇಟರಿಂಗ್‌ನವರನ್ನು ಗೊತ್ತುಮಾಡುವಾಗ ಎಲೆಯ ದರವನ್ನಷ್ಟೇ ಕೇಳಬೇಡಿ. ಅಡುಗೆಯವರಿಗೆ ತರಬೇತಿ ಆಗಿದೆಯೇ, ಅಡುಗೆಯಾದ ಎಷ್ಟು ಹೊತ್ತಿಗೆ ಬಡಿಸುತ್ತಾರೆ ಎಂದೂ ಕೇಳಿ.