ಶಸ್ತ್ರಚಿಕಿತ್ಸೆಗೆ ಮುನ್ನ ದೇಹದ ನೀರಿನ ಜಮಾ-ಖರ್ಚು

ಮಣ್ಣಿನ ತೇವ ಇಳಿದಾಗ ಬೆಳೆ ಬಾಡುವುದನ್ನು ರೈತ ಬಾಂಧವರು ಬಲ್ಲರು. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ಬೆಳಗಿನ ಹೊತ್ತೂ ಎಲೆ ಜೋತುಬಿದ್ದಿದ್ದರೆ ನೀರು ಕೊಡುವುದು ತಡವಾಗಿದೆ ಎಂದೇ ಅರ್ಥ. ಮನುಷ್ಯನ ದೇಹದಲ್ಲಿಯೂ ಇಂತಹ ಕೊರತೆ ಉಂಟಾಗುತ್ತದೆ. ಇದಕ್ಕೆ ನಿರ್ಜಲೀಕರಣ ಎನ್ನುತ್ತಾರೆ.

ನಮ್ಮ ದೊಡ್ಡಪ್ಪನವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಏಪ್ರಿಲ್ ತಿಂಗಳು. ಹಿಂದಿನ ದಿನ ಸಂಜೆಯವರೆಗೂ ಬಿಸಿಲಿನಲ್ಲಿ ಕಬ್ಬಿಗೆ ನೀರು ಹಾಯಿಸಿದರು. ರಾತ್ರಿ 7 ಗಂಟೆಗೆ ಊಟ ಮಾಡಿದವರು ಆಮೇಲೆ ಹನಿ ನೀರನ್ನೂ ಮುಟ್ಟಲಿಲ್ಲ. ಬೆಳಗಿನ ಸರದಿ ಮಧ್ಯಾಹ್ನ 2ಕ್ಕೆ ಹೋಯಿತು. ಅಷ್ಟರಲ್ಲಿ ನಾಲಿಗೆ ಒಣಗಿ, ನಾಡಿ ವೇಗವಾಗಿ, ರಕ್ತದೊತ್ತಡ ಇಳಿದಿತ್ತು. ವೈದ್ಯರು ಡ್ರಿಪ್ ಹಾಕಿಸಿ ಶಸ್ತ್ರಚಿಕಿತ್ಸೆಯನ್ನು ಮರುದಿನಕ್ಕೆ ಮುಂದೂಡಿದರು. 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂದು ಹೇಳಿದ್ದರು. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಜಮಾ-ಖರ್ಚು

60 ಕಿಲೋ ತೂಕದ ವಯಸ್ಕ ಗಂಡಸಿನಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಇದರಲ್ಲಿ 24 ಲೀಟರಿನಷ್ಟು ಜೀವಕೋಶಗಳ ಒಳಗಿರುತ್ತದೆ. ದಿನಕ್ಕೆ ಸುಮಾರು ಎರಡೂವರೆ ಲೀಟರ್ ಖರ್ಚಾಗುತ್ತದೆ: ಮೂತ್ರದಲ್ಲಿ ಒಂದೂವರೆ ಲೀಟರ್, ಉಳಿದದ್ದು ಹೆಚ್ಚಾಗಿ ಚರ್ಮ ಮತ್ತು ಉಸಿರಿನ ಮೂಲಕ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡಿದರೆ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯದ ಕಾರಣ ಅವರಲ್ಲಿ ಕೊರತೆ ಬೇಗ ಬೆಳೆಯುತ್ತದೆ.

ಅಪಾಯವೇನು?

ಅರಿವಳಿಕೆ ಕೊಟ್ಟಾಗ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಮೊದಲೇ ನೀರು ಕಡಿಮೆಯಿದ್ದರೆ ರಕ್ತದೊತ್ತಡ ಒಮ್ಮೆಲೇ ಕುಸಿಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಅದಕ್ಕೆ ಪೆಟ್ಟು ಬೀಳಬಹುದು.

ಉಪವಾಸ ಎಷ್ಟು ಹೊತ್ತು?

ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದೆಂದೇ ಉಪವಾಸ. ಮರಳು ಮಣ್ಣಿನಲ್ಲಿ ನೀರು ಬೇಗ ಇಳಿಯುವಂತೆ, ತಿಳಿಯಾದ ದ್ರವ ಜಠರದಿಂದ ಬೇಗ ಖಾಲಿಯಾಗುತ್ತದೆ. ಆದುದರಿಂದ ಮುಂಚೆಯೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಸಾಮಾನ್ಯ ನಿಯಮ ಹೀಗಿದೆ:

1. ಕರಿದ, ಜಿಡ್ಡಿನ ಊಟ: 8 ಗಂಟೆ ಮೊದಲು ನಿಲ್ಲಿಸಬೇಕು.
2. ಹಗುರ ತಿಂಡಿ, ಹಾಲು: 6 ಗಂಟೆ ಮೊದಲು.
3. ಮಗುವಿಗೆ ಎದೆಹಾಲು: 4 ಗಂಟೆ ಮೊದಲು.
4. ನೀರು, ಹಾಲಿಲ್ಲದ ಚಹಾ: 2 ಗಂಟೆ ಮೊದಲು.

ಮಜ್ಜಿಗೆ, ಅಂಬಲಿ ತಿಳಿ ದ್ರವಗಳಲ್ಲ. ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ, ಗರ್ಭಿಣಿಯರಿಗೆ ನಿಯಮ ಬೇರೆಯಾಗಬಹುದು. ವೈದ್ಯರ ಮಾತೇ ಕೊನೆಯದು.

ತುರ್ತು ಸಂದರ್ಭ

ಹೊಟ್ಟೆ ಉಬ್ಬರಿಸಿ, ಪದೇ ಪದೇ ವಾಂತಿಯಾಗಿ, ಮಲ-ವಾಯು ನಿಂತಿದ್ದರೆ ಕರುಳಿನಲ್ಲಿ ತಡೆ ಇರಬಹುದು. ಆಗ ಕಟ್ಟೆಯೊಡೆದ ನೀರು ಬದುವಿನ ಹಿಂದೆ ನಿಂತು ಬೆಳೆಗೆ ಸಿಗದಂತೆ, ದೇಹದ ನೀರು ಕರುಳಿನೊಳಗೇ ನಿಂತುಬಿಡುತ್ತದೆ. ಇಂತಹವರಿಗೆ ಬಾಯಿಂದ ಏನನ್ನೂ ಕೊಡಬಾರದು. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಲವಣಯುಕ್ತ ದ್ರವವನ್ನು ರಕ್ತನಾಳದ ಮೂಲಕ ಕೊಟ್ಟು, ಗಂಟೆಗೆ ಎಷ್ಟು ಮೂತ್ರ ಬರುತ್ತದೆಂದು ಅಳೆಯುತ್ತಾರೆ. 60 ಕಿಲೋ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಬಂದರೆ ನೀರು ಸಾಕಾಗುತ್ತಿದೆ ಎಂಬ ಒಳ್ಳೆಯ ಸೂಚನೆ. 'ಡ್ರಿಪ್ ಹಾಕಿ ಹೊತ್ತು ಕಳೆಯುತ್ತಿದ್ದಾರೆ' ಎಂದು ಮನೆಯವರು ಅವಸರಪಡಿಸಬಾರದು. ಆ ಡ್ರಿಪ್ ಚಿಕಿತ್ಸೆಯ ಮೊದಲ ಭಾಗ.

ನೆನಪಿಡಬೇಕಾದ ಅಂಶಗಳು

1. ಹಿಂದಿನ ದಿನ ಬಿಸಿಲಿನ ಕೆಲಸ ಬೇಡ.
2. ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದೆಂದು ಕೇಳಿ ಬರೆದುಕೊಳ್ಳಿ.
3. ಸರದಿ ಮುಂದೆ ಹೋದರೆ ಮತ್ತೊಮ್ಮೆ ಕೇಳಿ.
4. ವಾಂತಿ, ಭೇದಿ ಆಗಿದ್ದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದ್ದರೆ, ನಿಂತಾಗ ತಲೆ ಸುತ್ತಿದರೆ ಮುಚ್ಚಿಡದೆ ಹೇಳಿ.
5. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ. ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಮರೆಯದೆ ತೋರಿಸಿ.

ಹೊಲಕ್ಕೆ ಹದವರಿತು ನೀರು ಕೊಡುವ ರೈತನಿಗೆ ಈ ಲೆಕ್ಕ ಕಷ್ಟದ್ದಲ್ಲ. ನಮ್ಮ ದೊಡ್ಡಪ್ಪನವರು ಮರುದಿನ ಸುಖವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಒಂದು ಪ್ರಶ್ನೆ ಕೇಳಿದ್ದರೆ ಒಂದು ದಿನವೂ, ಒಂದು ರಾತ್ರಿಯ ಆತಂಕವೂ ಉಳಿಯುತ್ತಿತ್ತು.